ಡಾಕ್ಟರ ಮುಂದೆ ನಡೆಯುವ ಕಾಲು, ಬಚ್ಚಲ ಬಾಗಿಲಲ್ಲಿ ನಿಲ್ಲುವ ಕಾಲು

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ವಯಸ್ಸು 68. ಪಾರ್ಕಿನ್ಸನ್ ಕಾಯಿಲೆಗೆ ಕೆಲವು ವರ್ಷಗಳಿಂದ ಲೆವೊಡೋಪ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಜೊತೆಗೆ ಬಂದವರು ಹೆಂಡತಿ ಮತ್ತು ಬೆಂಗಳೂರಿನಲ್ಲಿರುವ ಮಗ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ದೂರು ಮಗನದು. "ಆಸ್ಪತ್ರೆ ಕಾರಿಡಾರಲ್ಲಿ ಸರಾಗವಾಗಿ ನಡೀತಾರೆ. ಮನೇಲಿ ಬಚ್ಚಲ ಬಾಗಿಲಿಗೆ ಬಂದ್ರೆ ಕಾಲು ಕಿತ್ತಿಡಲ್ಲ. ಬೇಕಂತಲೇ ಮಾಡ್ತಾರೆ ಅನ್ಸುತ್ತೆ." ಅವರು ತಂದೆಯ ಕೈಗೊಂದು ಸ್ಮಾರ್ಟ್ ವಾಚ್ ಕಟ್ಟಿ, ಹೆಜ್ಜೆಗಳ ಲೆಕ್ಕವನ್ನು ಬೆಂಗಳೂರಿನಿಂದಲೇ ನೋಡುತ್ತಿದ್ದರು. ತಂದೆ ವಾಚ್ ಬಿಚ್ಚಿಟ್ಟಿದ್ದರು. "ದನಕ್ಕೆ ಗಂಟೆ ಕಟ್ಟಿದ ಹಾಗೆ ಕಟ್ಟಿದಾನೆ" ಎಂದದ್ದು ಬಿಟ್ಟರೆ ಅವರು ಹೆಚ್ಚು ಮಾತಾಡಲಿಲ್ಲ.

ಮೊದಲು ಮಗನಿಗೆ ತಿಳಿಸಿದ್ದು: ಇದು ನಾಟಕವಲ್ಲ. ಈ ಕಾಯಿಲೆಯಲ್ಲಿ ಕಾಲು ನೆಲಕ್ಕೆ ಕಚ್ಚಿಕೊಂಡಂತಾಗುವುದಕ್ಕೆ ವೈದ್ಯರು ಫ್ರೀಜಿಂಗ್ ಎನ್ನುತ್ತಾರೆ. ಇಕ್ಕಟ್ಟಾದ ಬಾಗಿಲು, ಹೊಸ್ತಿಲು, ತಿರುಗುವ ಜಾಗ, ಅವಸರ, ನಡೆಯುತ್ತಾ ಮಾತಾಡುವುದು, ಮಾತ್ರೆಯ ಬಲ ಇಳಿಯುವ ಹೊತ್ತು: ಇವೇ ಅದನ್ನು ಕರೆತರುತ್ತವೆ. ಆಸ್ಪತ್ರೆಯ ಕಾರಿಡಾರು ಅಗಲ, ನೇರ. ಡಾಕ್ಟರು ನೋಡುತ್ತಿರುವಾಗ ರೋಗಿಯ ಗಮನವೆಲ್ಲ ಹೆಜ್ಜೆಯ ಮೇಲೇ ಇರುತ್ತದೆ. ಹಾಗಾಗಿ ಅಲ್ಲಿ ಕಾಣದೆ ಹೋಗುವುದು ತೀರಾ ಸಾಮಾನ್ಯ. ಇದನ್ನು ಕೇಳಿದಾಗ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಎಷ್ಟು ದಿನದಿಂದ ಗದರಿಸುತ್ತಿದ್ದರೋ.

ಕೈವಾಚು ಇಲ್ಲಿ ತಪ್ಪು ಸಾಧನ. ಅದು ಕೈ ಬೀಸುವುದರಿಂದ ಹೆಜ್ಜೆ ಎಣಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಕೈಬೀಸು ಕಡಿಮೆ, ಹೆಜ್ಜೆ ನಿಧಾನ, ಮಳೆಗಾಲದಲ್ಲಿ ಕೈಯಲ್ಲಿ ಕೊಡೆ. ಎಣಿಕೆ ಸುಮ್ಮನೆ ಕುಸಿಯುತ್ತದೆ. ಸೆನ್ಸರ್ ಕಾಲಿನಲ್ಲಿರಬೇಕು: ಹರಡಿನ ಮೇಲೆ, ಕಣಕಾಲಿನ ಹೊರಬದಿಗೆ, ಜಾರದಂತೆ ವೆಲ್ಕ್ರೋ ಪಟ್ಟಿಯಿಂದ. ಅಂಥದ್ದು ಸಿಗದಿದ್ದರೆ ಫೋನನ್ನೇ ಬಿಗಿಯಾದ ಸೊಂಟದ ಚೀಲದಲ್ಲಿ ಬೆನ್ನಿನ ಕೆಳಭಾಗಕ್ಕೆ ಕಟ್ಟಬಹುದು. ಪಂಚೆಯ ಮಡಿಲಿಗೆ ಸಿಕ್ಕಿಸಿದರೆ ಅಲ್ಲಾಡುವುದು ಫೋನೇ ಹೊರತು ಸೊಂಟವಲ್ಲ. ಫೈಫಾಕ್ಸ್‌ನಂಥ ಉಚಿತ ಆ್ಯಪ್ ವೇಗೋತ್ಕರ್ಷವನ್ನು ದಾಖಲಿಸಿ ಕಡತವಾಗಿ ಕೊಡುತ್ತದೆ.

ಆರಾಮ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು 2 ಹೆಜ್ಜೆ. ಫ್ರೀಜಿಂಗ್ ಆದಾಗ ಹೆಜ್ಜೆ ಮುಂದೆ ಹೋಗದೆ ಕಾಲು ನಡುಗುತ್ತದೆ, ಸೆಕೆಂಡಿಗೆ 3ರಿಂದ 8 ಸಲ. ಈ ವೇಗದ ಕಂಪನದ ಬಲವನ್ನು ಸೆಕೆಂಡಿಗೆ 0.5ರಿಂದ 3 ಸಲದವರೆಗಿನ ನಿಧಾನ ಕಂಪನದ ಬಲದಿಂದ ಭಾಗಿಸಿದರೆ ಬರುವ ಅಂಕ ಏರಿದ ಜಾಗವೇ ಸಂಶಯದ ಜಾಗ. ಆದರೆ ಕೆಲವರ ಕಾಲು ನಡುಗದೆ ಹಾಗೇ ನಿಂತುಬಿಡುತ್ತದೆ. ಆ ಅಂಕಕ್ಕೆ ಅದು ಸಿಗುವುದಿಲ್ಲ, ಸುಮ್ಮನೆ ನಿಂತಂತೆಯೇ ಕಾಣುತ್ತದೆ. ಆದ್ದರಿಂದ ವಿಡಿಯೊ ಬೇಕೇ ಬೇಕು, ಮುಖ ಬಿಟ್ಟು ಮೊಣಕಾಲಿನಿಂದ ಕೆಳಗೆ ಮಾತ್ರ. ಶುರುವಿನಲ್ಲಿ ಕುರ್ಚಿಯಲ್ಲಿ ಕೂತೇ ಪಾದವನ್ನು ನೆಲಕ್ಕೆ ಮೂರು ಸಲ ಬಲವಾಗಿ ಬಡಿಯಬೇಕು. ಗ್ರಾಫಿನಲ್ಲಿ ಮೂಡುವ ಆ ಮೂರು ಗೆರೆಗಳಿಂದ ಗ್ರಾಫನ್ನೂ ವಿಡಿಯೊವನ್ನೂ ಹೊಂದಿಸಬಹುದು.

ನಡೆಸುವ ಬಗೆ ಹೀಗೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುತ್ತಾರೆ. ಆಮೇಲೆ ಅವರು ದಿನವೂ ತುಳಿಯುವ ದಾರಿ: ಮಂಚದಿಂದ ಬಚ್ಚಲಿಗೆ, ಹೊಸ್ತಿಲು ದಾಟಿ. ಎರಡನ್ನೂ ಮಾತ್ರೆಗೆ ಸ್ವಲ್ಪ ಮುಂಚೆ ಒಮ್ಮೆ, ಮಾತ್ರೆ ತಗೊಂಡ ಒಂದು ಗಂಟೆಯ ಮೇಲೆ ಒಮ್ಮೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಪಾಚಿ ಕಟ್ಟಿದ ಅಂಗಳದಲ್ಲಿ ಬೇಡ. ಮಾತ್ರೆಯ ಸಮಯ, ಊಟದ ಸಮಯ, ಕಾಲು ಕಚ್ಚಿಕೊಂಡ ಜಾಗ ಇವನ್ನು ಹೆಂಡತಿ ಪುಸ್ತಕದಲ್ಲಿ ಬರೆಯುವುದು. ಈ ಪುಸ್ತಕ ಇಲ್ಲದ ಗ್ರಾಫ್ ವೈದ್ಯರಿಗೆ ಅರ್ಧ ಉಪಯೋಗಕ್ಕೂ ಬರುವುದಿಲ್ಲ.

ಇದಕ್ಕೆಲ್ಲ ತಂದೆಯ ಒಪ್ಪಿಗೆಯೇ ಮೊದಲು. ಅವರು ಹೇಳಿದ ದಿನ ಮಾತ್ರ ಕಟ್ಟುವುದು, ನೇರ ಪ್ರಸಾರ ಬೇಡ, ನೋಡುವವರು ಅವರು ಮತ್ತು ನರರೋಗ ವೈದ್ಯರು, ಬೇಡವೆಂದ ದಿನ ನಿಲ್ಲಿಸುವುದು. ಮಗ ಹಿಂಜರಿದರೂ ಒಪ್ಪಿದರು. "ಹಂಗಾದ್ರೆ ಕಟ್ಟಿ" ಎಂದರು ತಂದೆ.

ಹೀಗೆ ಅಳೆದು ನೋಡಿದಾಗ ಮಧ್ಯಾಹ್ನದ ಮಾತ್ರೆಗೆ ಮುಂಚಿನ ಹೊತ್ತಿನಲ್ಲೇ, ಬಚ್ಚಲ ಹೊಸ್ತಿಲಲ್ಲೂ ಮಂಚದ ಪಕ್ಕ ತಿರುಗುವಾಗಲೂ ಫ್ರೀಜಿಂಗ್ ಗುರುತುಗಳು ಸೇರಿಕೊಂಡಿದ್ದವು. ವೈದ್ಯರು ಮಾತ್ರೆಯ ವೇಳೆಯನ್ನು ಬದಲಿಸಿದರು. ಆ ಕೆಲಸ ಅವರದೇ. ಗ್ರಾಫ್ ನೋಡಿ ಮನೆಯವರು ಮಾತ್ರೆ ಹೆಚ್ಚಿಸುವುದೂ ಥಟ್ಟನೆ ನಿಲ್ಲಿಸುವುದೂ ಅಪಾಯ.

ಮನೆಗೆ ಕೊಟ್ಟ ಸಲಹೆ: ಬಚ್ಚಲಿಗೆ ಹೋಗುವ ದಾರಿಯಲ್ಲಿ ಅವರ ಒಂದು ಹೆಜ್ಜೆಯಷ್ಟು ಅಂತರಕ್ಕೆ ಅಡ್ಡಲಾಗಿ ಹಳದಿ ಟೇಪು, ಬಾಗಿಲ ಪಕ್ಕ ಹಿಡಿಕೆ, ತಿರುಗುವಾಗ ಬಳಸಿಕೊಂಡು ಅಗಲವಾಗಿ. ಕಾಲು ಕಚ್ಚಿಕೊಂಡರೆ ಕೈ ಹಿಡಿದು ಎಳೆಯಬಾರದು, ಬೀಳುವುದು ಆಗಲೇ. ನಿಲ್ಲಲಿ, ಭಾರವನ್ನು ಒಂದು ಬದಿಗೆ ಹಾಕಲಿ, ಇನ್ನೊಂದು ಕಾಲನ್ನು ಎತ್ತಿ ದೊಡ್ಡದಾಗಿ ಇಡಲಿ. ಆ ಹೊತ್ತಿನಲ್ಲಿ "ಬೇಗ" ಎಂಬ ಮಾತು ಬೇಡ.

ಮುಂದೆ ಗ್ರಾಫಿನಲ್ಲಿ ಏನೂ ಸಿಗದ ದಿನ ಬಂದರೆ, ಅದು ತಂದೆಯ ಮೇಲೆ ಆರೋಪಕ್ಕೆ ಸಾಕ್ಷಿಯಲ್ಲ ಎಂದು ಮಗನಿಗೆ ಬಿಡಿಸಿ ಹೇಳಿದೆ. ಇನ್ನೊಮ್ಮೆ ಅಳೆಯುವುದು ಮಾತ್ರೆ ಬದಲಾದಾಗ ಮಾತ್ರ, ಅದೇ ದಾರಿಯಲ್ಲಿ, ಅದೇ ಚಪ್ಪಲಿಯಲ್ಲಿ ಅಥವಾ ಬರಿಗಾಲಿನಲ್ಲಿ.