ಲಿಥುವೇನಿಯಾದ ಜಗಳಕ್ಕೆ ಐರೋಪ್ಯ ಒಕ್ಕೂಟ ಕಾನೂನು ಮಾಡಿದ್ದೇಕೆ?

ಲಿಥುವೇನಿಯಾದಂತಹ ಪುಟ್ಟ ದೇಶವೊಂದು ಚೀನಾದೊಡನೆ ಜಗಳವಾಡಿದ್ದಕ್ಕೆ ಇಡೀ ಐರೋಪ್ಯ ಒಕ್ಕೂಟ ಹೊಸ ಕಾನೂನು ಮಾಡಿದ್ದೇಕೆ, ಇದು ಆರ್ಥಿಕ ಭದ್ರತೆಯ ಹೆಸರಿನಲ್ಲಿ ನಡೆಯುವ ಮಾರುಕಟ್ಟೆ ರಕ್ಷಣೆಯಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಅಷ್ಟೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2021ರ ನವೆಂಬರಿನಲ್ಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ತೈವಾನ್ ತನ್ನ ಹೆಸರಿನಲ್ಲಿಯೇ ಪ್ರತಿನಿಧಿ ಕಚೇರಿ ತೆರೆಯಿತು. ತೈವಾನ್ ತನ್ನದೇ ಭಾಗ ಎನ್ನುವ ಚೀನಾ ಇದಕ್ಕೆ ಪ್ರತಿಯಾಗಿ ಲಿಥುವೇನಿಯಾದೊಡನೆ ರಾಜತಾಂತ್ರಿಕ ಸಂಬಂಧವನ್ನು ಕೆಳಹಂತಕ್ಕೆ ಇಳಿಸಿತು. ಲಿಥುವೇನಿಯಾದ ಸರಕು ಚೀನಾದ ಸುಂಕ ಇಲಾಖೆಯನ್ನು ದಾಟದಂತಾಯಿತು. ಆ ದೇಶ ಚೀನಾಕ್ಕೆ ನೇರವಾಗಿ ಮಾರುತ್ತಿದ್ದುದು ತೀರ ಕಡಿಮೆಯಾದ್ದರಿಂದ ಈ ಪೆಟ್ಟನ್ನು ಅದು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಲಿಥುವೇನಿಯಾದ ಬಿಡಿಭಾಗಗಳನ್ನು ಬಳಸುವ ಜರ್ಮನಿಯ ಮತ್ತಿತರ ದೇಶಗಳ ಕಂಪನಿಗಳ ಮೇಲೂ ಒತ್ತಡ ಬಿದ್ದಾಗ, ಒಂದು ಸದಸ್ಯ ರಾಷ್ಟ್ರದ ವಿದೇಶಾಂಗ ನಿರ್ಧಾರವನ್ನು ಶಿಕ್ಷಿಸಲು ಸದಸ್ಯ ರಾಷ್ಟ್ರಗಳ ನಡುವೆ ಸರಕು ಸುಂಕವಿಲ್ಲದೆ ಓಡಾಡುವ ಒಕ್ಕೂಟದ ಏಕ ಮಾರುಕಟ್ಟೆಯನ್ನೇ ಬಳಸಿಕೊಳ್ಳಬಹುದು ಎಂಬುದು ಬಯಲಾಯಿತು. ಒಕ್ಕೂಟ ವಿಶ್ವ ವಾಣಿಜ್ಯ ಸಂಸ್ಥೆಗೆ ಒಯ್ದ ದೂರಿನಿಂದಲೂ ತೀರ್ಪು ಬರಲಿಲ್ಲ.

ಕಾನೂನಿನ ಆಲೋಚನೆ ಈ ಜಗಳಕ್ಕಿಂತ ಹಳೆಯದು. ದೊಡ್ಡ ತಂತ್ರಜ್ಞಾನ ಕಂಪನಿಗಳ ಮೇಲೆ ಫ್ರಾನ್ಸ್ ಹಾಕಿದ ಡಿಜಿಟಲ್ ತೆರಿಗೆಗೆ ಪ್ರತಿಯಾಗಿ ಸುಂಕ ಹೇರುವುದಾಗಿ ಅಮೆರಿಕ ಬೆದರಿಸಿದಾಗಲೇ ಅದರ ಅಗತ್ಯ ಕಂಡಿತ್ತು. ಲಿಥುವೇನಿಯಾ ಅದಕ್ಕೆ ತುರ್ತನ್ನು ಕೊಟ್ಟಿತು. 2023ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಈ ಬಲವಂತ-ವಿರೋಧಿ ಕಾನೂನಿನ ಪ್ರಕಾರ, ವ್ಯಾಪಾರದ ಮೂಲಕ ಒತ್ತಡ ಹೇರುವ ಹೊರದೇಶದೊಡನೆ ಮೊದಲು ಮಾತುಕತೆ ನಡೆಯಬೇಕು; ಅದು ಫಲಿಸದಿದ್ದರೆ ಸುಂಕ ಹೇರಬಹುದು, ಸೇವಾ ವ್ಯಾಪಾರವನ್ನು ನಿರ್ಬಂಧಿಸಬಹುದು, ಸರ್ಕಾರಿ ಖರೀದಿಯಿಂದ ಆ ದೇಶದ ಕಂಪನಿಗಳನ್ನು ಹೊರಗಿಡಬಹುದು. ನನಗೆ ಇದರಲ್ಲಿ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುವುದು ಮತದಾನದ ನಿಯಮ. ವಿದೇಶಾಂಗ ನೀತಿಗೆ ಸಾಮಾನ್ಯವಾಗಿ 27 ರಾಷ್ಟ್ರಗಳ ಸರ್ವಾನುಮತ ಬೇಕಾಗುವುದರಿಂದ ಒಂದೇ ದೇಶ ಎಲ್ಲವನ್ನೂ ತಡೆಯಬಲ್ಲದು. ಇಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ. 65ರಷ್ಟನ್ನು ಪ್ರತಿನಿಧಿಸುವ 15 ರಾಷ್ಟ್ರಗಳು ಒಪ್ಪಿದರೆ ಸಾಕು. ವ್ಯಾಪಾರವು ಐರೋಪ್ಯ ಒಕ್ಕೂಟದ ಸ್ವಂತ ಅಧಿಕಾರ ಕ್ಷೇತ್ರವಾದ್ದರಿಂದಲೇ ಈ ದಾರಿ ತೆರೆಯಿತು.

ಆದರೆ ಕಾನೂನು ಧೈರ್ಯವನ್ನು ತಂದುಕೊಡದು. 2025ರ ಜುಲೈನಲ್ಲಿ ತನ್ನ ಹೆಚ್ಚಿನ ಸರಕಿನ ಮೇಲೆ ಅಮೆರಿಕದ ಶೇ. 15ರ ಸುಂಕವನ್ನು ಒಕ್ಕೂಟ ಒಪ್ಪಿಕೊಂಡಿತೇ ಹೊರತು ಈ ಅಸ್ತ್ರವನ್ನು ಪ್ರಯೋಗಿಸಲಿಲ್ಲ. ಉಕ್ರೇನ್ ಯುದ್ಧ ನಡೆಯುತ್ತಿರುವಾಗ, ರಕ್ಷಣೆಗೆ ಯಾರನ್ನು ನೆಚ್ಚಿಕೊಂಡಿದೆಯೋ ಅವರೊಡನೆಯೇ ಸುಂಕದ ಸಮರಕ್ಕೆ ಇಳಿಯುವುದು ಸುಲಭವಲ್ಲ ಎಂಬುದನ್ನು ಬಲ್ಲೆನಾದರೂ, ಆ ಒಪ್ಪಂದ ನನ್ನನ್ನು ನಿರಾಶೆಗೊಳಿಸಿತು.

ಚೀನಾದ ವಿಷಯದಲ್ಲಿ ತೊಡಕು ಬೇರೆ. 2025ರ ಏಪ್ರಿಲ್‌ನಲ್ಲಿ ಅದು, ವಾಹನಗಳ ಅಯಸ್ಕಾಂತಗಳಂತಹ ಬಿಡಿಭಾಗಗಳಿಗೆ ಬೇಕಾಗುವ ವಿರಳ ಭೂ ಖನಿಜಗಳ ಪೈಕಿ ಏಳರ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಯುರೋಪಿನ ಕೆಲವು ವಾಹನ ಬಿಡಿಭಾಗ ಕಾರ್ಖಾನೆಗಳು ಉತ್ಪಾದನೆ ನಿಲ್ಲಿಸಬೇಕಾಯಿತು. ಯಾವುದೇ ಮುಖ್ಯ ಕಚ್ಚಾವಸ್ತುವಿಗೆ ಒಂದೇ ಹೊರದೇಶವನ್ನು ಶೇ. 65ಕ್ಕಿಂತ ಹೆಚ್ಚು ಅವಲಂಬಿಸಬಾರದೆಂದು 2024ರ ಇನ್ನೊಂದು ಕಾನೂನು ಗುರಿ ಇಟ್ಟಿದೆ. ಅದರ ಗಡುವು 2030. ಗಣಿಗಳೂ ಸಂಸ್ಕರಣಾ ಘಟಕಗಳೂ ಸಿದ್ಧವಾಗುವವರೆಗೆ ಬೀಜಿಂಗ್ ಮೇಲೆ ಪ್ರತಿಸುಂಕ ಹೇರುವ ಮಾತು ಬಂದಾಗಲೆಲ್ಲ ಜರ್ಮನಿಯ ವಾಹನೋದ್ಯಮ ಮೊದಲು ಹಿಂಜರಿಯುತ್ತದೆ, ಅದರ ಹಿಂದೆಯೇ ಬರ್ಲಿನ್ ಕೂಡ.