ಓದುಗರ ಪ್ರಶ್ನೆ: ‘ಹುಳಿ’ಯೂ ‘ಹುಲಿ’ಯೂ ಒಂದೇ ಆಗಿ ಕೇಳಿಸಿದರೆ

ಪ್ರಶ್ನೆ: ಯಜಮಾನರ ಉಕ್ಕಿನ ಕಾರ್ಖಾನೆಯ ಕೆಲಸದಿಂದಾಗಿ ಮೂರು ವರ್ಷಗಳ ಹಿಂದೆ ಬಿಹಾರದಿಂದ ತೋರಣಗಲ್ಲಿಗೆ ಬಂದೆವು. ಆರು ವರ್ಷದ ಮಗಳು ಕನ್ನಡವನ್ನು ಸಲೀಸಾಗಿ ಆಡುತ್ತಾಳೆ. ನನಗೆ 36 ವರ್ಷ. ‘ಹುಳಿ’ ಎಂದರೂ ‘ಹುಲಿ’ ಎಂದರೂ ಕಿವಿಗೆ ಒಂದೇ. ‘ಬಳ್ಳಾರಿ’ ಎನ್ನಲೂ ಬರುವುದಿಲ್ಲ. ನನಗೆ ಕಲಿಯುವ ವಯಸ್ಸು ಮೀರಿತೇ? ನೆರೆಮನೆಯವರಿಂದ ಈ ಪತ್ರ ಬರೆಸಿದ್ದೇನೆ.

ಉತ್ತರ: ಮೀರಿಲ್ಲ ತಾಯಿ. ತೊಡಕು ನಾಲಿಗೆಗಿಂತ ಮೊದಲು ಕಿವಿಯಲ್ಲಿದೆ, ಅದು ದೋಷವೂ ಅಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ಗಳ ಭೇದವನ್ನು ಗುರುತಿಸಿದವು, 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನ ಕೂಸುಗಳಿಗೆ ಅದು ಸಾಧ್ಯವಾಗಲಿಲ್ಲ. ನಿಮಗೆ ನೀರು ಕುಡಿದಷ್ಟು ಸುಲಭವಾದ ಈ ಭೇದ ಇಂಗ್ಲಿಷರಿಗೆ ಕಷ್ಟ. ಹಾಗೆಯೇ ನಿಮ್ಮ ಹಿಂದಿಯಲ್ಲಿ ‘ಳ’ ಇಲ್ಲದ ಕಾರಣ, ಅದನ್ನೂ ‘ಲ’ದ ಲೆಕ್ಕಕ್ಕೇ ಸೇರಿಸುವುದನ್ನು ನಿಮ್ಮ ಕಿವಿ ತೊಟ್ಟಿಲಲ್ಲೇ ರೂಢಿಸಿಕೊಂಡಿದೆ.

ಆ ರೂಢಿಯನ್ನು ತಿದ್ದಬಹುದು. ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರ್ಪಡಿಸಲಾಗದ ಜಪಾನಿ ವಯಸ್ಕರಿಗೆ ಸಂಶೋಧಕರು ಅನೇಕರ ದನಿಗಳಲ್ಲಿ ಜೋಡಿಪದಗಳನ್ನು ಕೇಳಿಸಿ, ಉತ್ತರ ಸರಿಯೋ ತಪ್ಪೋ ಎಂಬುದನ್ನು ಆಗಿಂದಾಗಲೇ ತಿಳಿಸುತ್ತ ಬಂದಾಗ ಅವರ ಗ್ರಹಿಕೆ ಸುಧಾರಿಸಿತು. 1997ರ ವರದಿಯಂತೆ, ಬರೀ ಕೇಳಿಸಿಕೊಂಡ ಅಭ್ಯಾಸದಿಂದಲೇ ಅವರ ಉಚ್ಚಾರವೂ ತಿಳಿಯಾಯಿತು. ನನಗೆ ಈ ಕೊನೆಯ ಸಂಗತಿಯೇ ಬಹಳ ಭರವಸೆ ಕೊಡುತ್ತದೆ.

ಮಗಳನ್ನೇ ಗುರುವಾಗಿಸಿಕೊಳ್ಳಿ. ‘ಎಳೆ–ಎಲೆ’, ‘ಹಳ್ಳಿ–ಹಲ್ಲಿ’, ‘ಹುಳಿ–ಹುಲಿ’ ಜೋಡಿಗಳಲ್ಲಿ ಒಂದನ್ನು ಅವಳು ಹೇಳಲಿ, ಯಾವುದೆಂದು ನೀವು ಹೇಳಿ, ಅವಳು ಕೂಡಲೇ ತಿದ್ದಲಿ. ಬಳಿಕ ನೆರೆಮನೆಯವರು, ಹಾಲಿನವರು, ಸಂತೆಯಲ್ಲಿ ಕಾಯಿಪಲ್ಯ ಮಾರುವವರು, ಹೀಗೆ ಬೇರೆ ಬೇರೆ ದನಿಗಳು ಕಿವಿಗೆ ಬೀಳಲಿ. ಉಚ್ಚಾರಕ್ಕೆ ದಾರಿ ನಿಮ್ಮ ಹಿಂದಿಯಲ್ಲೇ ಇದೆ: ‘ಡ’ ಎನ್ನುವಾಗ ನಾಲಿಗೆಯ ತುದಿ ಮೇಲೆ ಮುಟ್ಟುವ ಜಾಗದಲ್ಲೇ ಅದನ್ನು ನಿಲ್ಲಿಸಿ, ‘ಲ’ ಎನ್ನಲು ಪ್ರಯತ್ನಿಸಿ, ಉಸಿರು ನಾಲಿಗೆಯ ಪಕ್ಕಗಳಿಂದ ಹೊರಬಂದರೆ ಅದೇ ‘ಳ’.

ವಯಸ್ಸಿನಿಂದ ಲಾಭವೂ ಉಂಟು. ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಗಮನಿಸಿದ 1978ರ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಹದಿಹರೆಯದವರೂ ದೊಡ್ಡವರೂ ಚಿಕ್ಕಮಕ್ಕಳಿಗಿಂತ ಬೇಗ ಮುಂದುವರಿದಿದ್ದರು. ನಿಮ್ಮ ಮಗಳಿಗೆ ಶಾಲೆಯಲ್ಲಿ ದಿನವಿಡೀ ಕನ್ನಡ ಸಿಗುತ್ತಿರಬಹುದು. ನಿಮಗೋ, ನಮ್ಮ ಬಳ್ಳಾರಿ ಸೀಮೆಯ ಜನ ಅಕ್ಕರೆಯಿಂದಲೇ ಕೂಡಲೇ ಹಿಂದಿಗೆ ಹೊರಳಿಬಿಡುತ್ತಾರೆ. ಅಂಥವರಿಗೆ, ‘ಕನ್ನಡದಾಗ ಮಾತಾಡ್ರಿ, ನಾ ಕಲೀತೀನಿ’ ಎಂದು ಸಂಕೋಚವಿಲ್ಲದೆ ಹೇಳಿ.