ಅಂಡೋರಾಕ್ಕೆ ಬರುವ ಮೊದಲು ವೀಸಾ ನೋಡಿಕೊಳ್ಳಿ ತಂಗಿ

ಕುಂದಾಪುರದ ತಂಗಿಯೊಬ್ಬರು ಕೇಳಿದ್ದಾರೆ: "ಅಕ್ಕಾ, ಇವರಿಗೆ ಅಂಡೋರಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ಎಲ್ಲ ಸರಿಹೋದರೆ ಆಮೇಲೆ ನಾನು, ಮಗಳು ಹೋಗುವುದು ಅಂತ ಇದೆ. ಮಗಳು ನಾಲ್ಕನೇ ಕ್ಲಾಸು, ಫುಟ್‌ಬಾಲ್ ಅಂದ್ರೆ ಪ್ರಾಣ. ಅಲ್ಲಿ ಓಡಾಟ ಹೇಗೆ, ಶಾಲೆ ಹೇಗೆ, ಹಬ್ಬ ಹರಿದಿನ ಏನಾದ್ರೂ ಇದೆಯಾ?"

ಮೊದಲು ಖುಷಿಯಾಯಿತು. ನಾವು ಹೊರಟಾಗ ಪುತ್ತೂರಿನಲ್ಲಿ ಯಾರಿಗೂ ಈ ದೇಶದ ಹೆಸರು ಗೊತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಅಂತೂ ಅಂಡಮಾನ್ ಅಂತಲೇ ತಿಳಿದು, "ಅಷ್ಟು ಹತ್ತಿರ ಅಲ್ವಾ, ಹಬ್ಬಕ್ಕೆ ಬಂದು ಹೋಗಿ" ಅಂದಿದ್ದರು.

ಸ್ಪೇನ್ ಮತ್ತು ಫ್ರಾನ್ಸ್ ನಡುವೆ, ಪಿರಿನೀಸ್ ಬೆಟ್ಟಗಳ ಒಳಗೆ ಸಿಕ್ಕಿಕೊಂಡಿರುವ ದೇಶ ಇದು. ಒಟ್ಟು 468 ಚದರ ಕಿಲೋಮೀಟರ್. ಬೆಂಗಳೂರು ನಗರವೇ ಇದಕ್ಕಿಂತ ದೊಡ್ಡದು. ಆದರೂ ಇಲ್ಲಿ ಇಬ್ಬರು ರಾಜರು: ಒಬ್ಬರು ಫ್ರಾನ್ಸಿನ ಅಧ್ಯಕ್ಷರು, ಇನ್ನೊಬ್ಬರು ಸ್ಪೇನ್ ಕಡೆಯ ಉರ್ಜೆಲ್ಲಿನ ಬಿಷಪ್. ಅಂಚೆಯೂ ಎರಡು, ಒಂದು ಸ್ಪೇನಿನದು, ಇನ್ನೊಂದು ಫ್ರಾನ್ಸಿನದು. ಕೇಳುವುದಕ್ಕೆ ತಮಾಷೆ. ಇದ್ದು ಅಭ್ಯಾಸವಾದ ಮೇಲೆ ಏನೂ ಅನ್ನಿಸುವುದಿಲ್ಲ.

ಓಡಾಟದ ಬಗ್ಗೆ ಹೇಳುವುದು ಕಮ್ಮಿಯೇ. ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇರುವುದು ಬಸ್ಸು. ಕಣಿವೆ ಹಿಡಿದು ಹೋಗುವ ನಾಲ್ಕಾರು ದೊಡ್ಡ ರಸ್ತೆಗಳು, ಅವುಗಳ ಮೇಲೆ ಬಸ್ಸುಗಳು ಚೆನ್ನಾಗಿ ಓಡುತ್ತವೆ. 2022ರಿಂದ ಇಲ್ಲಿಯ ನಿವಾಸಿಗಳಿಗೆ ಪಾಸು ಉಚಿತ. ನಮ್ಮಲ್ಲಿ ಶಕ್ತಿ ಯೋಜನೆ ಬಂದಾಗ ಅಮ್ಮ ಫೋನಿನಲ್ಲಿ ದೊಡ್ಡ ಸುದ್ದಿಯ ಹಾಗೆ ಹೇಳಿದರು. ಇಲ್ಲಿ ಗಂಡಸರಿಗೂ ಫ್ರೀ ಅಮ್ಮಾ ಅಂದೆ, ನಂಬಲಿಲ್ಲ. ರೆಸಿಡೆನ್ಸಿ ಕಾರ್ಡು ಕೈಗೆ ಬಂದ ಕೂಡಲೇ ಬಸ್ ಪಾಸು ಮಾಡಿಸಿಕೊಳ್ಳಿ. ಕಾರು ಆಮೇಲೆ ನೋಡೋಣ. ಚಳಿಗಾಲದ ಟೈರು, ಚೈನು ಅಂತ ಖರ್ಚು ಜಾಸ್ತಿ. ಶನಿವಾರ ಬಂತೆಂದರೆ ಅಗ್ಗದ ಪೆಟ್ರೋಲು, ಸಿಗರೇಟು, ಸೆಂಟು ಕೊಳ್ಳಲು ಪಕ್ಕದ ದೇಶದವರ ಕಾರುಗಳು ಸಾಲುಗಟ್ಟಿ ಬರುತ್ತವೆ. ಆವತ್ತು ನಡೆದು ಹೋಗುವುದೇ ಬೇಗ.

ಆದರೆ ಈ ಫ್ರೀ ಬಸ್ಸು ದೇಶದ ಒಳಗೆ ಮಾತ್ರ. ನಾನು ನಿಜವಾಗಿ ಬರೆಯಬೇಕು ಅಂತ ಕೂತದ್ದು ಗಡಿಯ ವಿಷಯಕ್ಕೆ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಶೆಂಗೆನ್ ಅನ್ನುತ್ತಾರೆ. ಸ್ಪೇನ್, ಫ್ರಾನ್ಸ್ ಅದರಲ್ಲಿವೆ, ಅಂಡೋರಾ ಇಲ್ಲ. ಇಲ್ಲಿಗೆ ಬರಬೇಕಾದರೆ ಸ್ಪೇನ್ ಅಥವಾ ಫ್ರಾನ್ಸ್ ದಾಟಲೇಬೇಕು, ಬೇರೆ ದಾರಿ ಇಲ್ಲ. ಅಂದರೆ ಶೆಂಗೆನ್ ವೀಸಾ ಬೇಕು. ಗಡಿ ದಾಟಿ ಒಳಗೆ ಬಂದಿರೋ, ನೀವು ಶೆಂಗೆನ್ನಿನಿಂದ ಹೊರಗೆ ಹೋದ ಲೆಕ್ಕ. ಒಂದೇ ಸಲದ ವೀಸಾ ಆಗಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ವಾಪಸು ಹೋಗಬೇಕಾದರೆ ಮತ್ತೆ ವೀಸಾ. ಇಲ್ಲಿಯ ಕೆಲಸದ ಪರ್ಮಿಟ್ಟು, ರೆಸಿಡೆನ್ಸಿ ಕಾರ್ಡು ಎಲ್ಲ ಇದ್ದರೂ ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಅದು ತಪ್ಪುವುದಿಲ್ಲ. ಬೇರೆಯವರ ತೋಟದ ನಡುವೆ ಮನೆ ಕಟ್ಟಿಕೊಂಡು, ದಾರಿಗೆ ಅವರನ್ನು ಕೇಳುತ್ತಾ ಇದ್ದ ಹಾಗೆ. ನಮ್ಮ ಊರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಬಂದ ರಾತ್ರಿ ಗಡಿಯಲ್ಲಿ ಬಸ್ಸು ನಿಧಾನ ಆಯಿತು ಅಷ್ಟೇ, ನಿಲ್ಲಲೂ ಇಲ್ಲ. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ, ಯಾರೂ ನೋಡಲಿಲ್ಲ. ಹೊರಗೆ ಹೋಗುವಾಗ ಕಸ್ಟಮ್ಸಿನವರು ನೋಡುವುದೂ ಜಾಸ್ತಿ ಡಿಕ್ಕಿಯಲ್ಲಿ ಎಷ್ಟು ಸಿಗರೇಟು ಇದೆ ಅಂತ. ಅದಕ್ಕೇ ಇಲ್ಲಿ ಬಂದ ಕೂಡಲೇ ಯಾರಾದರೂ ನಿಮಗೆ, "ಅಯ್ಯೋ ಸುಮ್ನೆ ಹೋಗಿ ಬನ್ನಿ, ಯಾರೂ ಕೇಳಲ್ಲ" ಅಂತ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಹತ್ತು ಸಲ ಕೇಳದೆ ಬಿಟ್ಟವರು ಹನ್ನೊಂದನೇ ಸಲ ಕೇಳಿದರೆ ಪರ್ಮಿಟ್ಟಿಗೇ ಸಂಚಕಾರ.

ನನ್ನ ತಂಗಿಯ ಮದುವೆ ಗೊತ್ತಾದಾಗ ನಮ್ಮ ವೀಸಾ ಮುಗಿಯುತ್ತಾ ಬಂದಿತ್ತು. ಹೊಸದಕ್ಕೆ ಹಾಕಿದೆವು. ಹಾಕುವುದು ಅಂದರೆ ಪಾಸ್‌ಪೋರ್ಟ್ ಕೊಟ್ಟು ಬರುವುದು. ನಡುವೆ ಅವರ ಹಬ್ಬದ ರಜೆ, ಆಮೇಲೆ ಇನ್ನೊಂದು ಕಾಗದ ತನ್ನಿ ಅಂದರು, ತಂದು ಕೊಟ್ಟೆವು. ಬಾರ್ಸಿಲೋನಾದಿಂದ ಟಿಕೆಟ್ ತೆಗೆದಾಗಿತ್ತು. ಇಲ್ಲಿಂದ ಆ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಮೂರು, ಮೂರೂವರೆ ಗಂಟೆ. ಅಷ್ಟು ದೂರ ಹೋಗಲು ಆಗಲಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದದ್ದು ಮದುವೆಯ ಮರು ವಾರ.

ಧಾರೆಯನ್ನು ಫೋನಿನಲ್ಲಿ ನೋಡಿದೆ. ನಮ್ಮವರು ಕೆಲಸ ಮಾಡುವ ಅಂಗಡಿಯ ಗೋಡೌನಿನಲ್ಲಿ, ಟಿವಿ ಪೆಟ್ಟಿಗೆಗಳ ನಡುವೆ ಸ್ಟೂಲು ಹಾಕಿಕೊಂಡು. ಅಲ್ಲಿ ಮಾತ್ರ ವೈಫೈ ಸರಿಯಾಗಿ ಸಿಗುತ್ತಿತ್ತು. ಫೋನು ಹಿಡಿದವನು ಚಿಕ್ಕಪ್ಪನ ಮಗ. ಒಳ್ಳೆ ಮುಹೂರ್ತಕ್ಕೆ ಸರಿಯಾಗಿ ಅವನನ್ನು ಯಾರೋ ಬಡಿಸಲು ಕರೆದರು. ಫೋನನ್ನು ಹಾಗೇ ಕುರ್ಚಿಯ ಮೇಲೆ ಮಲಗಿಸಿ ಹೋದ. ನನಗೆ ಕಂಡದ್ದು ಛತ್ರದ ಫ್ಯಾನು. ಭಟ್ಟರ ಮಂತ್ರ, ವಾಲಗ, "ಅಕ್ಷತೆ ಎಲ್ಲಿ, ಅಕ್ಷತೆ ಎಲ್ಲಿ" ಅನ್ನುವ ಗಡಿಬಿಡಿ ಎಲ್ಲ ಕೇಳಿಸಿತು, ಕಣ್ಣಿಗೆ ಮಾತ್ರ ಫ್ಯಾನು.

ಅದನ್ನೂ ನಗಾಡಿ ಮರೆಯಬಹುದಿತ್ತು. ಮರೆಯಲಾಗದ್ದು ಬೇರೆ. ಊರಿನಲ್ಲಿ ಯಾರೂ ನಂಬಲಿಲ್ಲ. ತಾನು ಇರುವ ದೇಶದಿಂದ ಹೊರಗೆ ಬರುವುದಕ್ಕೆ ವೀಸಾ ಬೇಕಂತೆ, ಎಲ್ಲಾದರೂ ಉಂಟಾ ಅಂತ ಮಾತಾಯಿತು. ಟಿಕೆಟ್ಟಿನ ದುಡ್ಡು ಉಳಿಸಲು ಬರಲಿಲ್ಲ ಅಂದುಕೊಂಡರು. ದೊಡ್ಡಮ್ಮ ಇವತ್ತಿಗೂ ಮದುವೆಯ ಆಲ್ಬಮ್ ತೆಗೆದರೆ "ಇದರಲ್ಲಿ ನೀನಿಲ್ಲ" ಅಂತ ಒಂದು ಮಾತು ಹಾಕಿಯೇ ಹಾಕುತ್ತಾರೆ. ತಂಗಿ ಏನೂ ಅನ್ನುವುದಿಲ್ಲ. ಅನ್ನದೆ ಇರುವುದೇ ಕಷ್ಟ.

ಅದಕ್ಕೇ ಹೇಳುವುದು. ನಿಮ್ಮ ಯಜಮಾನರು ಹೊರಡುವ ಮೊದಲೇ ವೀಸಾದಲ್ಲಿ ಎಷ್ಟು ಸಲ ಒಳಗೆ ಬರಬಹುದು ಅಂತ ಬರೆದಿದೆ ನೋಡಲಿ. ಇಲ್ಲಿ ಸೇರಿದ ಮೇಲೆ ಹಲವು ಸಲದ ವೀಸಾಕ್ಕೇ ಹಾಕಿ. ಅದು ಮುಗಿಯುವುದಕ್ಕೆ ಸಾಕಷ್ಟು ಮೊದಲೇ ಹೊಸದಕ್ಕೆ ಓಡಾಡಿ. ಊರಿನಲ್ಲಿ ಮದುವೆ, ಉಪನಯನ, ಹೆರಿಗೆ ಅಂತ ಏನಿದೆಯೋ ಅದನ್ನು ನೋಡಿಕೊಂಡು ಪಾಸ್‌ಪೋರ್ಟ್ ಕೊಡುವ ತಿಂಗಳು ಆರಿಸಿ. ಪಾಸ್‌ಪೋರ್ಟಿನ ಅವಧಿಯೂ ನೋಡಿ. ನಮ್ಮ ರಾಯಭಾರ ಕಚೇರಿ ಇರುವುದು ಮ್ಯಾಡ್ರಿಡ್ಡಿನಲ್ಲಿ, ಅಂದರೆ ಅದೂ ಗಡಿಯ ಆಚೆ. ಐರೋಪ್ಯ ಒಕ್ಕೂಟದ ಜೊತೆ ಇಲ್ಲಿಯ ಸರ್ಕಾರ ಮಾತುಕತೆ ನಡೆಸುತ್ತಾ ಬಂದಿದೆ, ನಿಯಮ ಬದಲಾದೀತು. ಹೊರಡುವ ಹೊತ್ತಿಗೆ ಇನ್ನೊಮ್ಮೆ ಸರಿಯಾಗಿ ವಿಚಾರಿಸಿಕೊಳ್ಳಿ. ನನ್ನ ಮಾತೊಂದನ್ನೇ ನಂಬಿ ಕೂರಬೇಡಿ.

ಈಗ ಶಾಲೆ. ಇದರಲ್ಲಿ ನನಗೆ ಈ ದೇಶದ ಮೇಲೆ ಒಂದು ದೂರೂ ಇಲ್ಲ. ಮೂರು ತರಹದ ಸರ್ಕಾರಿ ಶಾಲೆಗಳು, ಮೂರೂ ಉಚಿತ: ಫ್ರೆಂಚ್ ಪದ್ಧತಿಯದು, ಸ್ಪೇನ್ ಪದ್ಧತಿಯದು, ಅಂಡೋರಾದ್ದೇ ಆದದ್ದು. ಯಾವುದಕ್ಕೆ ಬೇಕಾದರೂ ಹಾಕಬಹುದು. ಆರರಿಂದ ಹದಿನಾರು ವಯಸ್ಸಿನವರೆಗೆ ಕಡ್ಡಾಯ. ನಾವು ಅಂಡೋರಾ ಶಾಲೆಗೆ ಹಾಕಿದೆವು. ಅದು ಶುರುವಾದದ್ದು 1982ರಲ್ಲಿ, ಅದಕ್ಕಿಂತ ಮೊದಲು ಸ್ವಂತದ್ದು ಅಂತ ಒಂದು ಪದ್ಧತಿಯೇ ಇರಲಿಲ್ಲ. ಚಿಕ್ಕ ಮಕ್ಕಳ ತರಗತಿಯಲ್ಲಿ ಇಬ್ಬರು ಟೀಚರು, ಒಬ್ಬರು ಕ್ಯಾಟಲನ್ ಮಾತಾಡುತ್ತಾರೆ, ಇನ್ನೊಬ್ಬರು ಫ್ರೆಂಚ್. ನಿಮ್ಮ ಮಗಳು ಮೊದಮೊದಲು ಬಾಯಿ ಬಿಡುವುದಿಲ್ಲ, ಗಾಬರಿ ಬೇಡ. ಎರಡನೇ ವರ್ಷಕ್ಕೆ ನಿಮಗೇ ತಿದ್ದುತ್ತಾಳೆ. ನನ್ನವಳು ತರಕಾರಿ ಅಂಗಡಿಯಲ್ಲಿ ಎಲ್ಲರೆದುರು ನನ್ನ ಉಚ್ಚಾರ ತಿದ್ದುತ್ತಾಳೆ, ಬೇಜಾರೂ ಆಗುತ್ತದೆ, ಹೆಮ್ಮೆಯೂ ಆಗುತ್ತದೆ.

ನೀವೂ ಕಲಿಯಿರಿ. ಬೀದಿಯಲ್ಲಿ ಕಿವಿಗೆ ಬೀಳುವುದು ಜಾಸ್ತಿ ಸ್ಪ್ಯಾನಿಷ್, ಜೊತೆಗೆ ಪೋರ್ಚುಗೀಸ್, ಫ್ರೆಂಚ್. ಆದರೆ ದೇಶದ ಭಾಷೆ ಕ್ಯಾಟಲನ್. 2024ರಲ್ಲಿ ಭಾಷೆಯ ಕಾನೂನು ಬಂದ ಮೇಲೆ ಪರ್ಮಿಟ್ ಮುಂದುವರಿಸುವಾಗ ಅದನ್ನು ಕಲಿತಿದ್ದೀರಾ ಅಂತ ನೋಡುತ್ತಾರೆ. ಬೆಂಗಳೂರಿನಲ್ಲಿ ಹೊರಗಿನವರು ಕನ್ನಡ ಕಲಿಯಲಿ ಅನ್ನುವವರು ನಾವು. ಇಲ್ಲಿ ಗೊಣಗಿದರೆ ಚೆನ್ನಾಗಿರುವುದಿಲ್ಲ.

ಕಾಲೇಜಿನ ವಿಷಯಕ್ಕೆ ಬಂದರೆ ಮತ್ತೆ ಗಡಿಯ ತಲೆನೋವೇ. ಇಲ್ಲಿಯ ಸಾಂತ್ ಜುಲಿಯಾ ಊರಿನಲ್ಲಿ ಒಂದು ವಿಶ್ವವಿದ್ಯಾಲಯ ಇದೆ, ಚಿಕ್ಕದು. ನರ್ಸಿಂಗ್, ಕಂಪ್ಯೂಟರ್, ಬಿಸಿನೆಸ್, ಶಿಕ್ಷಕರ ತರಬೇತಿ ಅಂತ ಕೆಲವೇ ಕೋರ್ಸು. ಬೇರೆ ಏನು ಓದಬೇಕಾದರೂ ಮಕ್ಕಳು ಬಾರ್ಸಿಲೋನಾಕ್ಕೋ ಫ್ರಾನ್ಸಿನ ತುಲೂಸಿಗೋ ಹೋಗುತ್ತಾರೆ. ನಿಮ್ಮ ಮಗಳಿಗೆ ಇನ್ನೂ ಸಮಯ ಇದೆ ಬಿಡಿ.

ಫುಟ್‌ಬಾಲ್ ಬೇಕಾದಷ್ಟಿದೆ. ಎಫ್‌ಸಿ ಅಂಡೋರಾ 1942ರ ಕ್ಲಬ್ಬು, ಆಡುವುದು ಸ್ಪೇನಿನ ಲೀಗಿನಲ್ಲಿ. ಬಾರ್ಸಿಲೋನಾ ತಂಡದಲ್ಲಿ ಆಡುತ್ತಿದ್ದ ಪಿಕೆ ಇದ್ದಾರಲ್ಲ, ಅವರ ಕಂಪನಿ 2018ರಲ್ಲಿ ಅದನ್ನು ಕೊಂಡಿತು. 2022ರಲ್ಲಿ ಸ್ಪೇನಿನ ಎರಡನೇ ದರ್ಜೆಗೆ ಏರಿದಾಗ ಇಲ್ಲಿ ಹಾರ್ನ್ ಹೊಡೆದದ್ದೇ ಹೊಡೆದದ್ದು. ದೇಶದ ತಂಡ ಸೋಲುವುದೇ ಹೆಚ್ಚು. ಆದರೂ 2017ರಲ್ಲಿ ಹಂಗೇರಿಯನ್ನು 1–0ಯಿಂದ ಸೋಲಿಸಿದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ. ಹುಡುಗಿಯರಿಗೂ ತಂಡಗಳಿವೆ, ತರಬೇತಿ ಚೆನ್ನಾಗಿದೆ. ಆದರೆ ಪಂದ್ಯಗಳು ಎಷ್ಟೋ ಸಲ ಗಡಿಯಾಚೆ, ಸ್ಪೇನಿನ ಲಾ ಸೆವು ಊರಿನ ಕಡೆ, ಇನ್ನೂ ಕೆಳಗೆ. ನನ್ನವಳ ತಂಡ ಒಮ್ಮೆ ಟೂರ್ನಿಗೆ ಹೋದಾಗ ಅವಳ ವೀಸಾ ಇರಲಿಲ್ಲ. ಬೂಟು, ಮೊಣಕಾಲಿನ ಪ್ಯಾಡು ಹಾಕಿಕೊಂಡೇ ಬಸ್ಸು ಹೊರಡುವಲ್ಲಿಗೆ ಬಂದಳು. ಕಳಿಸಿ ಬರೋಣ ಅಂತ ಹೇಳಿದ್ದೆ, ಬೂಟು ಯಾಕೆ ಅಂತ ನಾನು ಕೇಳಲಿಲ್ಲ. ಹಾಗಾಗಿ ವೀಸಾಕ್ಕೆ ಹಾಕುವಾಗ ಮಗಳದ್ದನ್ನು ಆಮೇಲೆ ಮಾಡಿಸೋಣ ಅಂತ ಬಿಡಬೇಡಿ.

ಸ್ಕೀಯಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ತಾನಾಗಿಯೇ ಬರುತ್ತದೆ. ಚಳಿಗಾಲದಲ್ಲಿ ಶಾಲೆಯವರೇ ಮಕ್ಕಳನ್ನು ಹಿಮದ ಮೇಲೆ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಯಜಮಾನರ ಹೋಟೆಲ್ ನಡೆಯುವುದೂ ಅದರಿಂದಲೇ. ಡಿಸೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ಅವರು ಮನೆಯಲ್ಲಿ ಕಾಣಿಸುವುದು ಕಮ್ಮಿ, ಈಗಲೇ ಹೇಳಿಬಿಡುತ್ತೇನೆ. ಕ್ರಿಕೆಟ್ ಮರೆತುಬಿಡಿ. ಚೆಂಡು ಉರುಳದೆ ನಿಲ್ಲುವಷ್ಟು ಸಮತಟ್ಟು ಜಾಗ ಸಿಕ್ಕಿದರೆ ಅಲ್ಲಿ ಮನೆ ಕಟ್ಟಿರುತ್ತಾರೆ.

ಹಬ್ಬಗಳಲ್ಲಿ ದೊಡ್ಡದು ಸೆಪ್ಟೆಂಬರ್ 8, ಮೆರಿಚೆಲ್ ಅಮ್ಮನವರ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ದಿನ. ಅದೇ ರಾಷ್ಟ್ರೀಯ ದಿನ. ಹಳೆಯ ಗುಡಿ 1972ರಲ್ಲಿ, ಹಬ್ಬದ ರಾತ್ರಿಯೇ ಬೆಂಕಿ ಬಿದ್ದು ಸುಟ್ಟುಹೋಯಿತು. ಪಕ್ಕದಲ್ಲಿ ರಿಕಾರ್ಡೊ ಬೊಫಿಲ್ ಅನ್ನುವ ವಾಸ್ತುಶಿಲ್ಪಿ ಹೊಸದು ಕಟ್ಟಿದರು. ನಮ್ಮ ಕರಾವಳಿಯಲ್ಲಿ ಮೊಂತಿ ಫೆಸ್ತ್ ಅದೇ ದಿನ ಅಲ್ವಾ? ಮರಿಯಮ್ಮನವರ ಹುಟ್ಟುಹಬ್ಬ ಎರಡೂ ಕಡೆ. ಪುತ್ತೂರಿನಲ್ಲಿ ಪಕ್ಕದ ಮನೆಯವರು ಹೊಸ ತೆನೆ ತಂದು ತರಕಾರಿ ಊಟ ಹಾಕುತ್ತಿದ್ದರು. ಇಲ್ಲಿ ತೆನೆ ಇಲ್ಲ. ಆದರೂ ಆ ದಿನ ಗುಡ್ಡ ಹತ್ತಿ ಹೋಗಿ ಬರುತ್ತೇನೆ.

ಜೂನ್ 23ರ ರಾತ್ರಿ ಬೆಂಕಿಯ ಹಬ್ಬ, ಪಂಜುಗಳನ್ನು ತಲೆಯ ಮೇಲೆ ಗಿರಗಿರ ತಿರುಗಿಸುತ್ತಾರೆ. ಯುನೆಸ್ಕೊ ಪಟ್ಟಿಯಲ್ಲಿದೆ, ತಪ್ಪಿಸಬೇಡಿ, ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ. ಜನವರಿ 17ಕ್ಕೆ ಚೌಕದಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಎಸ್ಕುದೆಲ್ಯಾ ಅನ್ನುವ ಗಟ್ಟಿ ಸಾರು ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಮಾಂಸ ಇರುತ್ತದೆ, ನೀವು ತಿನ್ನುವವರಾದರೆ ಚಳಿಗೆ ಬಹಳ ಒಳ್ಳೆಯದು. ತೊಗರಿಬೇಳೆ, ಹುಣಸೆಹಣ್ಣಿಗೆ ನಾವು ಬಾರ್ಸಿಲೋನಾದ ರಾವಾಲ್ ಬೀದಿಗಳಿಗೆ ಹೋಗುತ್ತೇವೆ. ಅಂದರೆ ಸಾರಿಗೂ ವೀಸಾ ಬೇಕು! ಕುಚಲಕ್ಕಿ ಮಾತ್ರ ಊರಿನಿಂದಲೇ ತನ್ನಿ.

ಪೌರತ್ವದ ಆಸೆ ಇಟ್ಟುಕೊಂಡು ಬರಬೇಡಿ. ಸಾಮಾನ್ಯವಾಗಿ ಇಪ್ಪತ್ತು ವರ್ಷ ಇರಬೇಕು, ಆಮೇಲೆ ನಮ್ಮದನ್ನು ಬಿಡಬೇಕು. ತೆರಿಗೆ ಕಮ್ಮಿ, ಬಾಡಿಗೆ ವಿಪರೀತ. ಕಳ್ಳಕಾಕರ ಭಯ ಇಲ್ಲ.

ಒಂದು ಮುಖ್ಯ ವಿಷಯ ನೀವು ಬರೆದೇ ಇಲ್ಲ: ಹೋಟೆಲ್ ಯಾವ ಊರಿನಲ್ಲಿ? ಎಸ್ಕಾಲ್ದೆಸ್, ಎನ್ಕಾಂಪ್ ಆದರೆ ಚಿಂತೆಯಿಲ್ಲ. ಪಾಸ್ ದೆ ಲಾ ಕಾಸಾ ಆದರೆ ಲೆಕ್ಕ ಬೇರೆ. ಅದು ಫ್ರಾನ್ಸ್ ಗಡಿಯಲ್ಲಿ, 2,408 ಮೀಟರ್ ಎತ್ತರದ ಎನ್ವಾಲಿರಾ ಘಾಟಿಯ ಆಚೆ ಬದಿಗೆ ಇದೆ. ಹಿಮ ಜಾಸ್ತಿ ಬಿದ್ದರೆ ಘಾಟಿ ಮುಚ್ಚುತ್ತಾರೆ. 2002ರಲ್ಲಿ ಆದ ಸುರಂಗ ಇದೆ, ಅದಕ್ಕೆ ಟೋಲ್ ಕೊಡಬೇಕು. ಮನೆ ಹೋಟೆಲಿನವರೇ ಕೊಡುತ್ತಾರಾ, ಕೊಟ್ಟರೆ ಹೆಂಡತಿ ಮಕ್ಕಳು ಇರಬಹುದಾ ಅಂತಲೂ ಬರವಣಿಗೆಯಲ್ಲಿ ಕೇಳಿಕೊಂಡು, ತಿಳಿದ ಮೇಲೆ ನನಗೆ ಹೇಳಿ.